ಗೌರಿಯ ಹೊಟ್ಟೆನೋವು

ನಿಮ್ಮಷ್ಟು ಚಿಕ್ಕವಳಿದ್ದಾಗ ನಾನೂ ಇದೇ ಸಿಂಗಪುರದಲ್ಲಿದ್ದೆ, ಮಕ್ಕಳೇ. ಮೈಸೂರಿನಿಂದ ಬಂದಿದ್ದ ಅಪ್ಪ ಬುಕಿತ್ ತಿಮಾ ಕಡೆ ಒಬ್ಬರ ಲಾಯದಲ್ಲಿ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದರು. ಲಾಯದ ಪಕ್ಕದಲ್ಲೇ ನಮ್ಮ ತಗಡಿನ ಮನೆ. ಒಣಹುಲ್ಲಿನ ವಾಸನೆ ನಮ್ಮ ದಿಂಬಿಗೂ ಅಂಟಿಕೊಂಡಿರುತ್ತಿತ್ತು.

ಅಲ್ಲಿ ಗೌರಿ ಎಂಬ ವಯಸ್ಸಾದ ಕಂದು ಕುದುರೆಯಿತ್ತು. ಒಂದು ಬೆಳಿಗ್ಗೆ ಅದು ಹುಲ್ಲನ್ನು ಮೂಸಿಯೂ ನೋಡಲಿಲ್ಲ. ಮುಂಗಾಲಿನಿಂದ ನೆಲ ಕೆರೆಯುತ್ತ, ಮತ್ತೆ ಮತ್ತೆ ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿತ್ತು. ಅಪ್ಪ ಅದರ ತುಟಿ ಎತ್ತಿ ವಸಡು ನೋಡಿದರು, ಹೊಟ್ಟೆಗೆ ಕಿವಿಯಿಟ್ಟರು. "ಹೊಟ್ಟೆನೋವು. ಸದ್ಯ ಜೋರಾಗಿಲ್ಲ," ಎಂದು ಹುಲ್ಲನ್ನೆಲ್ಲ ಎತ್ತಿಟ್ಟು, ನೀರಿನ ಬಕೆಟ್ ಮಾತ್ರ ಬಿಟ್ಟರು. ಡಾಕ್ಟರಿಗೆ ಫೋನ್ ಮಾಡಲು ಅಕ್ಕ ರಸ್ತೆ ತುದಿಯ ಅಂಗಡಿಗೆ ಓಡಿದಳು.

ಏದುಸಿರು ಬಿಡುತ್ತ ಹಿಂದಿರುಗಿ ಹೇಳಿದಳು: "ಡಾಕ್ಟರ್ ಬರ್ತಾರಂತಪ್ಪ. ಅಲ್ಲೀವರ್ಗೂ ನಾವಾಗಿ ಯಾವ ಔಷಧಿನೂ ಕೊಡ್ಬಾರ್ದಂತೆ. ಸ್ವಲ್ಪ ಹೊತ್ತು ನಿಧಾನಕ್ಕೆ ನಡೆಸಿ, ಸುಸ್ತು ಮಾಡಿಸ್ಬೇಡಿ ಅಂದ್ರು. ನಿನ್ನೆ ಏನ್ ತಿಂತು ಅಂತ ಕೇಳಿದ್ರು."

"ದಿನಾ ತಿನ್ನೋದೇ," ಎಂದರು ಅಪ್ಪ.

ಹಿಂದಿನ ಸಂಜೆ ಮುದ್ದಿಗೆಂದು ನಾನು ಅದಕ್ಕೆ ಒಂದು ಬೋಗುಣಿ ಹುರುಳಿ ತಿನ್ನಿಸಿದ್ದೆ. "ಅಪ್ಪ, ನಾನು ಹುರುಳಿ ಹಾಕ್ದೆ. ನೆನೆಸಿರ್ಲಿಲ್ಲ," ಎಂದೆ. ಏಟು ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡೆ.

ಏಟು ಬೀಳಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಡಾಕ್ಟರಿಗೂ ನೀನೇ ಹೇಳು," ಎಂದ ಅಪ್ಪ ಗೌರಿಯ ಹಗ್ಗ ಹಿಡಿದು, ನನ್ನನ್ನು ತಮ್ಮ ಪಕ್ಕಕ್ಕೆ ಕರೆದುಕೊಂಡರು.

ದೊಡ್ಡ ಮರದ ನೆರಳಿನಲ್ಲಿ ಮೆಲ್ಲಗೆ ನಡೆದೆವು. ಗೌರಿ ನಿಂತರೆ ನಾವೂ ನಿಲ್ಲುತ್ತಿದ್ದೆವು. ಅದರ ಬಿಸಿ ಉಸಿರು ನನ್ನ ಭುಜಕ್ಕೆ ತಾಗಿದಾಗಲೆಲ್ಲ ಅಳು ಬರುತ್ತಿತ್ತು. ಡಾಕ್ಟರ್ ಬಂದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಗೌರಿಯನ್ನು ಪರೀಕ್ಷಿಸಿ ಸೂಜಿ ಹಾಕಿದರು.

ಮಧ್ಯಾಹ್ನದ ಹೊತ್ತಿಗೆ ಗೌರಿಯ ಹೊಟ್ಟೆ ಗುಡುಗುಡು ಎಂದಿತು. ಆಮೇಲೆ ಲದ್ದಿ ಹಾಕಿತು. ಅಕ್ಕ ಚಪ್ಪಾಳೆ ತಟ್ಟಿದಳು. ಅಪ್ಪ ಗೌರಿಯ ಕುತ್ತಿಗೆಗೆ ಹಣೆಯಾನಿಸಿ ಬಹಳ ಹೊತ್ತು ನಿಂತರು. ಲದ್ದಿ ಕಂಡು ಅಷ್ಟು ಸಂತೋಷಪಟ್ಟವರನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಈಗ ಬುಕಿತ್ ಪಂಜಾಂಗಿನ ನಮ್ಮ ಕಿಟಕಿಯಾಚೆ ಎಲ್‌ಆರ್‌ಟಿ ರೈಲು ಓಡುತ್ತದೆ. ಕುದುರೆ ಸಾಕಲು ಇಲ್ಲಿ ಜಾಗವೆಲ್ಲಿ? ನಿಮ್ಮದು ಅಂಗೈಯಲ್ಲಿ ಹಿಡಿಸುವ ಹ್ಯಾಮ್‌ಸ್ಟರ್. ಹೋದ ವಾರ ಅದು ಮುದುಡಿ ಕೂತಾಗ ನೀವಿಬ್ಬರೂ ಮುಖ ಮುಖ ನೋಡಿಕೊಂಡಿರಿ. ಕೊನೆಗೆ, ಚಿಕ್ಕವಳೇ, ನೀನು ನನ್ನ ಸೆರಗು ಎಳೆದು, "ಅಜ್ಜಿ, ನಾನು ಚಿಪ್ಸ್ ಕೊಟ್ಬಿಟ್ಟೆ ಲಾ," ಎಂದು ಇಲ್ಲಿಯವರ ಹಾಗೆ 'ಲಾ' ಸೇರಿಸಿ ಪಿಸುಗುಟ್ಟಿದೆ. ನಾನು ನಿನ್ನನ್ನು ಮಡಿಲಿಗೆ ಎಳೆದುಕೊಂಡು, ಡಾಕ್ಟರಿಗೆ ಫೋನ್ ಮಾಡಿ ನಿನ್ನ ಕೈಗೆ ಕೊಟ್ಟೆ.