ಹೊರಗಿನ ಚಿಲಕ

ಅವಳ ಎಡಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಓರೆಯಾಗಿ ಇಳಿದ ಒಂದು ಗಾಯದ ಕಲೆ ಇತ್ತು. ಹಾಲಿಗಾಗಿ ರಬ್ಬರ್ ಮರದ ತೊಗಟೆ ಕೆತ್ತುವಾಗ ಎಷ್ಟು ಓರೆ ಹಿಡಿಯುತ್ತಾರೋ ಅಷ್ಟೇ ಓರೆ. ಕೆಲಸದಲ್ಲಿ ಕತ್ತಿ ತಪ್ಪಿ ಆದದ್ದಿರಬೇಕೆಂದು ನಾನು ಇಪ್ಪತ್ತು ವರ್ಷ ಅಂದುಕೊಂಡಿದ್ದೆ. ಅವಳ ಕತ್ತಿ ತಪ್ಪಿದ್ದನ್ನು ಒಂದು ದಿನವೂ ನೋಡದೆ ಹಾಗೆ ಅಂದುಕೊಂಡದ್ದು ನನ್ನ ದಡ್ಡತನ.

ಅಜ್ಜಾವರದ ನಮ್ಮ ಗುಡ್ಡೆಯಲ್ಲಿ ಮುನ್ನೂರು ರಬ್ಬರ್ ಮರಗಳಿವೆ. ಅವುಗಳ ಹಾಲು ತೆಗೆಯುತ್ತಿದ್ದ ಟ್ಯಾಪರ್ ಅವಳು. ಊರಿಗೆಲ್ಲ ಸಿಲೋನಕ್ಕ, ನನಗೆ ಬರೀ ಅಕ್ಕ. ಸಿಲೋನಿನ ತೋಟಗಳಿಂದ ಹಡಗು ಹತ್ತಿ ಬಂದ ತಮಿಳು ಕುಟುಂಬಗಳಿಗೆ ಸುಳ್ಯದ ಸುತ್ತ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರಲ್ಲ, ಆಗ ತಾಯಿಯ ಜೊತೆ ಬಂದವಳು. ಮದುವೆಯಾಗಲಿಲ್ಲ. ಮೊದಲು ಕೆಲಸಕ್ಕಿದ್ದ ದೊಡ್ಡ ತೋಟದಿಂದ ಅವಳನ್ನು ಓಡಿಸಿದ್ದು ಮೇಸ್ತ್ರಿಯ ಹಲ್ಲು ಉದುರಿಸಿದ್ದಕ್ಕೆ. ಅವನು ಇನ್ನೊಬ್ಬಳ ಸೆರಗಿಗೆ ಕೈ ಹಾಕಿದ್ದನಂತೆ. "ಎರಡೇ ಹಲ್ಲು ತಂಬಿ. ಮೂರನೇದು ಅಲ್ಲಾಡ್ತಾ ಇತ್ತು, ಹೋಗ್ಲಿ ಅಂತ ಬಿಟ್ಟೆ" ಎಂದು ದೊಡ್ಡ ಉಪಕಾರ ಮಾಡಿದವಳ ಹಾಗೆ ಹೇಳುತ್ತಿದ್ದಳು.

ಮನುಷ್ಯರ ಮೇಲೆ ಅಷ್ಟು ಜೋರಾಗಿ ಬೀಳುತ್ತಿದ್ದ ಕೈ ಮರದ ಮೇಲೆ ಮಾತ್ರ ಬಹಳ ಹಗುರ. "ತೊಗಟೆಯಲ್ಲಿ ಹಾಲು ಉಂಟು. ಕಟ್ಟಿಗೆಗೆ ಕತ್ತಿ ಮುಟ್ಟಿದ್ರೆ ಮರ ಮರೆಯುದಿಲ್ಲ" ಎನ್ನುವುದು ಅವಳ ಮಾತು. ನಮ್ಮ ತೋಟದ ಅಂಚಿನ ಅವಳ ಎರಡು ಕೋಣೆಯ ಮನೆಗೆ ಬಾಗಿಲಿತ್ತು, ಚಿಲಕ ಇರಲಿಲ್ಲ. ಬಂದ ದಿನವೇ ಕಿತ್ತು ಬಿಸಾಡಿದ್ದಳು. ಕೇಳಿದರೆ, "ಕದಿಯುದಕ್ಕೆ ನನ್ನ ಹತ್ರ ಎಂತ ಉಂಟು?" ಎಂದು ನಗುತ್ತಿದ್ದಳು.

ನನ್ನ ತಲೆಯಲ್ಲಿಯೂ ಒಂದು ಕಲೆ ಇದೆ. ಅದು ಅವಳು ಕೊಟ್ಟದ್ದು. ನಮ್ಮಲ್ಲಿ ಭಾವನನ್ನು ಗೋಳು ಹೊಯ್ದುಕೊಳ್ಳದಿದ್ದರೆ ಅವನಿಗೇ ಬೇಸರ. ಮದುವೆಯಾದ ಹೊಸತರಲ್ಲಿ ನನ್ನ ಒಡಹುಟ್ಟಿದ ಅಕ್ಕನ ಗಂಡ ನಮ್ಮ ಹೊಗೆಮನೆಯೊಳಗೆ ರಬ್ಬರ್ ಶೀಟುಗಳನ್ನು ಹರವುತ್ತಿದ್ದ. ಅವನ್ನು ಹೊಗೆ ಹಾಕಿ ಒಣಗಿಸುವ ಸಣ್ಣ ಕಟ್ಟಡ ಅದು. ನಾನು ಸದ್ದಿಲ್ಲದೆ ಹೊರಗಿನಿಂದ ಚಿಲಕ ಹಾಕಿದೆ. ಒಳಗಿನಿಂದ ಭಾವ ಬಡಿಯತೊಡಗಿದ. ನಾನು ನಗುತ್ತಾ ನಿಂತಿದ್ದೆ. ಹಿಂದಿನಿಂದ ಬಂದ ಸಿಲೋನಕ್ಕ ಹಾಲು ತುಂಬಿದ ಬಕೆಟಿನಿಂದಲೇ ನನ್ನ ತಲೆಗೆ ಬೀಸಿದಳು. ಮೈಯೆಲ್ಲ ರಬ್ಬರ್ ಹಾಲು, ಅದರ ಮೇಲೆ ರಕ್ತ. ಬಿದ್ದವನ ಎದೆಯ ಮೇಲೆ ಕಾಲಿಟ್ಟು, "ಇನ್ನೊಮ್ಮೆ ಆ ಚಿಲಕಕ್ಕೆ ಕೈ ಹಾಕಿದ್ರೆ ಕೈ ಇರುದಿಲ್ಲ" ಎಂದಳು. ಆಮೇಲೆ ತಾನೇ ಚಿಲಕ ತೆಗೆದು ಬಾಗಿಲನ್ನು ಗೋಡೆಗೆ ತಾಗುವಷ್ಟು ನೂಕಿದಳು. ಸುಳ್ಯದಲ್ಲಿ ಐದು ಹೊಲಿಗೆ ಹಾಕಿದರು. ಅವಳನ್ನು ಕೆಲಸದಿಂದ ತೆಗೆಯಬೇಕೆಂದು ಅಮ್ಮ ಹಟ ಹಿಡಿದಾಗ ಅಪ್ಪ, "ಇಂಥ ಮಗ ಯಾವ ಮನೆಯಲ್ಲೂ ಸಿಗ್ತಾನೆ, ಇಂಥ ಟ್ಯಾಪರ್ ಸಿಗುದಿಲ್ಲ" ಎಂದುಬಿಟ್ಟರು.

ನಾಗಪಟ್ಟಣದಿಂದ ಲಂಕೆಗೆ ಮತ್ತೆ ಹಡಗು ಶುರುವಾದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ನಾನೇ ಅವಳಿಗೆ ಹೇಳಿದೆ. ಕೆತ್ತುತ್ತಿದ್ದ ಕತ್ತಿ ನಿಂತಿತು.

"ನನ್ನ ಅತ್ತಿಗೆ ಅಲ್ಲಿ ಉಂಟು ತಂಬಿ, ರತ್ನಪುರದ ಹತ್ರ. ಅಣ್ಣ ಗಲಭೆಯಲ್ಲಿ ಹೋದ. ಅತ್ತಿಗೆಗೆ ಒಂದು ಮಾತು ಹೇಳುದು ಬಾಕಿ ಉಂಟು."

"ಫೋನ್ ಮಾಡುವ."

"ಫೋನಿನ ಮಾತಲ್ಲ. ಅವಳ ಕೈ ನನ್ನ ಮುಖಕ್ಕೆ ಸಿಗುವಷ್ಟು ಹತ್ರ ನಿಂತು ಹೇಳ್ಬೇಕು."

"ಹಾಗಾದ್ರೆ ವಿಮಾನ?"

"ಹಾರುವಾಗ ಬಾಗಿಲು ತೆಗಿಲಿಕ್ಕೆ ಆಗ್ತದಾ?"

"ಇಲ್ಲ."

"ಹಾಗಾದ್ರೆ ಬೇಡ."

ಹೀಗೆ ನಮ್ಮ ಪ್ರಯಾಣದ ಯೋಜನೆ ಶುರುವಾಯಿತು. ಪಾಸ್‌ಪೋರ್ಟಿನ ಕಾಗದಪತ್ರಕ್ಕೆಂದು ಪುತ್ತೂರಿಗೆ ನಾಲ್ಕು ಸಲ ಅಲೆದೆವು. ಜಗಲಿಯಲ್ಲಿ ಮಗಳ ಅಟ್ಲಾಸ್ ಬಿಡಿಸಿಟ್ಟು ಮಡಿಕೇರಿ, ಮೈಸೂರು, ಸತ್ಯಮಂಗಲ, ತಿರುಚಿ, ತಂಜಾವೂರು ಎಂದು ದಾರಿ ಗುರುತು ಮಾಡಿದೆ. ಅವಳ ಷರತ್ತುಗಳೂ ಇದ್ದವು. ನನ್ನ ಜೀಪಿನ ಹಿಂದಿನ ಟಾರ್ಪಾಲು ಎತ್ತಿಯೇ ಇರಬೇಕು. ಲಾಡ್ಜಿಗೆ ಬರುವುದಿಲ್ಲ, ಜೀಪಿನಲ್ಲೇ ಮಲಗುವುದು. ಹಡಗಿನಲ್ಲಿ ಮೇಲಿನ ಬಯಲಿನಲ್ಲಿ, ಅಂದರೆ ತೆರೆದ ಡೆಕ್ಕಿನಲ್ಲಿ ಕೂರುವುದು. ಬರುವಾಗ ಅವಳು ಹತ್ತಿದ್ದ ಹಳೆಯ ಹಡಗಿನಲ್ಲಿ ಅಂಥ ಬಯಲಿತ್ತು. "ಗಾಳಿಯೋ ಗಾಳಿ ತಂಬಿ, ಅಮ್ಮನ ಸೀರೆ ಹಾರಿ ನನ್ನ ಮುಖಕ್ಕೆ ಹೊಡೀತಾ ಇತ್ತು."

ಈಗಿನ ಹಡಗಿನ ವಿಡಿಯೋ ಒಂದನ್ನು ನಾನು ಮೊಬೈಲಿನಲ್ಲಿ ನೋಡಿದೆ. ಬಯಲಿಲ್ಲ. ಬಸ್ಸಿನ ಹಾಗೆ ಸಾಲು ಸೀಟು, ತೆಗೆಯಲಾಗದ ಗಾಜು, ಎಸಿ, ಹೊರಡುವ ಮೊದಲು ಬಂದ್ ಆಗುವ ಬಾಗಿಲು. ನಾಲ್ಕು ಗಂಟೆಯ ಪ್ರಯಾಣ. ವಾಹನ ಹತ್ತಿಸುವ ಹಡಗೂ ಅಲ್ಲ. ಜೀಪು ನಾಗಪಟ್ಟಣದಲ್ಲೇ ಉಳಿಯುತ್ತದೆ ಎಂದು ಹೇಳಿದೆ, ಬಾಗಿಲಿನ ವಿಷಯ ನುಂಗಿಕೊಂಡೆ. ಹೇಳಿದರೆ ಪ್ರಯಾಣ ಅಲ್ಲಿಗೇ ಮುಗಿದೀತೆಂಬ ಹೆದರಿಕೆ. ಹೇಗೂ ಹತ್ತಿದ ಮೇಲೆ ಸುಧಾರಿಸಿಕೊಳ್ಳುತ್ತಾಳೆ ಎಂಬ ಸೋಮಾರಿ ಧೈರ್ಯ.

ಕಡಬದಲ್ಲಿದ್ದ ಅವಳ ಸಂಬಂಧಿಕರ ಹುಡುಗಿ ಅದೇ ವಿಡಿಯೋ ತೋರಿಸಿಬಿಟ್ಟಳು. ಮರುದಿನ ಬೆಳಿಗ್ಗೆ ಅಕ್ಕ ನೇರ ನಮ್ಮ ಅಂಗಳಕ್ಕೆ ಬಂದು, "ಮೊಬೈಲ್ ಕೊಡು, ಆ ಹಡಗು ತೋರಿಸು" ಎಂದಳು. ತೋರಿಸಿದೆ. ಬಾಗಿಲು ಮುಚ್ಚುವಲ್ಲಿಗೆ ಮೂರು ಸಲ ಹಿಂದೆ ಹಾಕಿಸಿ ನೋಡಿದಳು.

"ನೀನು ನೋಡಿದ್ದಿಯಾ ಇದನ್ನು?"

"ನೋಡಿದ್ದೇನೆ."

ಮೊಬೈಲನ್ನು ಕಿತ್ತುಕೊಂಡು ರಬ್ಬರ್ ಶೀಟು ಒತ್ತುವ ರೋಲರಿನ ಬಾಯಿಗಿಟ್ಟು ಎರಡು ಕೈಯಿಂದ ಚಕ್ರ ತಿರುಗಿಸಿದಳು. ಗಾಜು ಪುಡಿಯಾಗಿ ಆಚೆ ಬಿತ್ತು. ಆಮೇಲೆ ನನ್ನ ಕೊರಳಪಟ್ಟಿ ಹಿಡಿದು ತಲೆಯನ್ನು ಗೋಡೆಗೆ ಎರಡು ಸಲ ಬಡಿದಳು.

"ಒಳಗೆ ಕೂರಿಸಿ ಬಾಗಿಲು ಹಾಕುದಾ? ನೀನೂನಾ?"

ಬಿಡಿಸಿಕೊಳ್ಳಲು ನಾನು ಕೈಯೆತ್ತಲಿಲ್ಲ. ಅವಳೇ ಬಿಟ್ಟು ನೆಲದಲ್ಲಿ ಕೂತಳು. ಕೂತು, ಯಾರಿಗೂ ಹೇಳದ್ದನ್ನು ಹೇಳಿದಳು.

"ಆಗ ನನಗೆ ಹದಿನೈದು ವರ್ಷ. ಗಲಭೆಯ ಗುಂಪು ಬರುವಾಗ ಬೆಳಿಗ್ಗೆ ನಾನೂ ಅಣ್ಣನೂ ಹಾಲು ತಕೊಂಡು ಬರ್ತಾ ಇದ್ದೆವು. ಗಂಡಸರನ್ನು ಹುಡುಕಿ ಹುಡುಕಿ ಕಡೀತಾರೆ ಅಂತ ಅಣ್ಣನನ್ನು ಹೊಗೆಮನೆಗೆ ನೂಕಿದೆ. ಹೊರಗಿಂದ ಚಿಲಕ ಹಾಕಿದ್ರೆ ಒಳಗೆ ಜನ ಇಲ್ಲ ಅಂತ ತಿಳೀತಾರೆ, ಹಾಗೇ ಮುಂದೆ ಹೋಗ್ತಾರೆ ಅಂತ ಹಾಕಿದೆ. ಬುದ್ಧಿವಂತೆ ನಾನು. ಅವರು ತೆಗ್ದು ಸಹ ನೋಡ್ಲಿಲ್ಲ. ಬೆಂಕಿ ಹಾಕಿದ್ರು. ಒಳಗೆ ಪೂರಾ ಒಣಗಿದ ರಬ್ಬರ್. ತೆಗಿಲಿಕ್ಕೆ ಓಡಿದೆ, ಚಿಲಕಕ್ಕೆ ಕೈ ಮುಟ್ಟಿತ್ತು ತಂಬಿ, ಒಬ್ಬ ನಮ್ಮದೇ ಕತ್ತಿಯಲ್ಲಿ ಇಲ್ಲಿಗೆ ಕೊಟ್ಟ." ಎಡಗೈ ಚಾಚಿದಳು. "ಗುಂಪಿನವರು ಚಿಲಕ ಹಾಕಿ ಸುಟ್ಟರು ಅಂತ ಅಮ್ಮ ಸಾಯುವವರೆಗೂ ಶಾಪ ಹಾಕಿದಳು. ಅತ್ತಿಗೆ ತವರಿನಲ್ಲಿದ್ದಳು, ಅವಳೂ ಹಾಗೇ ನಂಬಿದ್ದಾಳೆ. ಬೆಂಕಿ ಅವರದ್ದು. ಚಿಲಕ ನನ್ನದು."

ತಲೆಯ ಹಿಂದೆ ಊದಿಕೊಂಡಿತ್ತು, ಅದನ್ನೇ ಒತ್ತಿಕೊಂಡು ಕೂತಿದ್ದೆ.

ಪ್ರಯಾಣ ಮುಗಿಯಿತೆಂದು ನಾನು ತಿಳಿದುಕೊಂಡರೆ ಮೂರನೆಯ ದಿನ ಅವಳೇ ಬಂದು, "ನಾಲ್ಕು ಗಂಟೆ ಅಲ್ವಾ? ಕಲೀಬೇಕು" ಎಂದಳು. ನಮ್ಮ ಖಾಲಿ ಹೊಗೆಮನೆಯೊಳಗೆ ಹೋಗಿ ನಿಂತಳು. "ಚಿಲಕ ಹಾಕು. ನಾನು ಬೊಬ್ಬೆ ಹೊಡೆದ್ರೂ ಹೇಳಿದ ಹೊತ್ತಿಗೆ ಮೊದಲು ತೆಗಿಬೇಡ."

ಮೊದಲ ದಿನ ಹತ್ತು ನಿಮಿಷ. ಅವಳು ಬಡಿದ ರಭಸಕ್ಕೆ ಬಾಗಿಲಿನ ಹಲಗೆ ಸೀಳಿತು. ಹೊರಗೆ ಬಂದಾಗ ಗೆಣ್ಣುಗಳಲ್ಲಿ ಚರ್ಮವಿರಲಿಲ್ಲ. "ಯಾಕೆ ತೆಗಿಲಿಲ್ಲ?" ಎಂದು ಕೆನ್ನೆಗೆ ಒಂದು ಕೊಟ್ಟಳು. "ನೀನೇ ಹೇಳಿದ್ದಲ್ವಾ ಅಕ್ಕ?" ಎಂದರೆ, "ಹೌದು, ನಾಳೆ ಇಪ್ಪತ್ತು ನಿಮಿಷ" ಎಂದಳು. ಭಾವ ಇದನ್ನು ಕೇಳಿ, ಅಂದು ತನ್ನನ್ನು ಒಳಗೆ ಹಾಕಿದ್ದ ನನ್ನ ಪಾಪ ಈಗ ತೊಳೆದುಹೋಗುತ್ತಿದೆ ಎಂದು ಗೇಲಿ ಮಾಡಿದ. ಬಾಗಿಲ ಹೊರಗೆ ನಿಂತು ಒಬ್ಬ ಹೆಂಗಸಿನ ಕಿರುಚಾಟ ಕೇಳುತ್ತಾ ಚಿಲಕ ತೆಗೆಯದೆ ಇರುವುದು ಎಂಥ ಹಿಂಸೆಯೆಂದು ಅವನಿಗೆ ಗೊತ್ತಿರಲಿಲ್ಲ. ಎರಡು ತಿಂಗಳು ಅದನ್ನು ಮಾಡಿದೆ. ಕೊನೆಗೆ ಒಂದು ದಿನ ನಾಲ್ಕು ಗಂಟೆ ಕಳೆದು ತೆಗೆದಾಗ ಅವಳು ಮೂಲೆಯಲ್ಲಿ ಕಾಲು ಚಾಚಿ ಎಲೆ ಅಡಿಕೆ ಜಗಿಯುತ್ತಿದ್ದಳು. "ಟಿಕೆಟ್ ಮಾಡು" ಎಂದಳು.

ಗಾಳಿ ಜೋರೆಂದು ಎರಡು ಸಲ ಹಡಗು ರದ್ದಾಯಿತು, ಮೂರನೆಯ ಸಲ ಹೊರಟೆವು. ನಾಗಪಟ್ಟಣದಲ್ಲಿ ಹಡಗಿನ ಬಾಗಿಲು ಬಂದ್ ಆದಾಗ ಅವಳು ನನ್ನ ತೋಳು ಹಿಡಿದಳು. ಇಳಿಯುವವರೆಗೆ ಬಿಡಲಿಲ್ಲ. ಉಗುರುಗಳು ಒಳಗಿಳಿದು ನನ್ನ ಅಂಗಿಯ ಕೈ ಕೆಂಪಾಗಿತ್ತು. ಹಡಗಿನವನೊಬ್ಬ ಬಂದು ಏನಾಯಿತೆಂದು ಕೇಳಿದ್ದಕ್ಕೆ ಇಲ್ಲಿ ಬರೆಯಬಾರದ ಒಂದು ಬೈಗುಳ ಕೊಟ್ಟು ಕಳಿಸಿದಳು.

ದಡದಿಂದ ವ್ಯಾನಿನಲ್ಲಿ ಒಂದೂವರೆ ದಿನ. ಅತ್ತಿಗೆ ಮುದುಕಿ, ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಗುರುತು ಹಿಡಿದು ಅಪ್ಪಿಕೊಳ್ಳಲು ಎದ್ದವಳನ್ನು ಅಕ್ಕ ಕೈ ಅಡ್ಡ ಮಾಡಿ ತಡೆದು, ನಿಂತಲ್ಲೇ ಹೇಳಿದಳು. ತಮಿಳಿನಲ್ಲಿ ಹೇಳಿದ್ದು, ನನಗೂ ಅಷ್ಟು ಅರ್ಥವಾಗುತ್ತದೆ. ಅತ್ತಿಗೆ ಹೊಡೆದಳು. ಒಂದು, ಇನ್ನೊಂದು. ಎರಡನೆಯದಕ್ಕೆ ಅಕ್ಕನ ತುಟಿ ಒಡೆಯಿತು. ಜನ್ಮದಲ್ಲಿ ಯಾರ ಪೆಟ್ಟನ್ನೂ ಇಟ್ಟುಕೊಳ್ಳದ ಹೆಂಗಸು ಮೂರನೆಯದಕ್ಕೆ ಮುಖ ಮುಂದೆ ಮಾಡಿ ನಿಂತಿದ್ದಳು. ಎತ್ತಿದ ಕೈ ಬೀಳಲಿಲ್ಲ.

"ಅವನು ಕೂಗಿದನಾ?" ಎಂದು ಮುದುಕಿ ಕೇಳಿದಳು.

"ಕೂಗಿದ."

"ಏನೆಂದು?"

"ನಿನ್ನ ಹೆಸರು."

ಮುದುಕಿ ಚೆಲ್ಲಿದ ಅಕ್ಕಿಯ ಮೇಲೆಯೇ ಕೂತುಬಿಟ್ಟಳು. "ಇದನ್ನು ನನಗೆ ಯಾರೂ ಹೇಳಿರಲಿಲ್ಲ" ಎಂದಳು. ಆಮೇಲೆ ಎದ್ದು ನಮಗೆ ಅನ್ನಕ್ಕೆ ಇಟ್ಟಳು.

ವಾಪಸು ಬರುವಾಗ ಸುಳ್ಯದಲ್ಲಿ ಜೀಪು ನಿಲ್ಲಿಸಲು ಹೇಳಿ, ಅಂಗಡಿಯೊಂದಕ್ಕೆ ಹೋಗಿ ಸಣ್ಣ ಪೊಟ್ಟಣ ಹಿಡಿದುಕೊಂಡು ಬಂದಳು. ಏನೆಂದು ಕೇಳಿದರೆ, "ನಿನ್ನ ಮೊಬೈಲ್ ಅಲ್ಲ, ಹೆದರ್ಬೇಡ" ಎಂದಳು.

ಮುಂದಿನ ವರ್ಷ ರಬ್ಬರ್ ಎಲೆ ಉದುರಿ ಕತ್ತಿಗೆ ರಜೆ ಇದ್ದ ದಿನಗಳಲ್ಲಿ, ಒಂದು ಬೆಳಿಗ್ಗೆ ಅವಳು ಚಹಾಕ್ಕೆ ಬರಲಿಲ್ಲ. ಹೋಗಿ ನೋಡಿದರೆ ಬಾಗಿಲು ಹಾಕಿತ್ತು. ನೂಕಿದೆ, ತೆರೆಯಲಿಲ್ಲ. ಕರೆದೆ. ಭಾವ ಹಾರೆ ತಂದ. ನಾನೇ ಕಿತ್ತುಕೊಂಡು ಮೀಟಿದೆ, ಆಗಲಿಲ್ಲ, ಹುಚ್ಚು ಹಿಡಿದವನ ಹಾಗೆ ಬಡಿದೆ. ನಾಲ್ಕನೆಯ ಏಟಿಗೆ ಹಲಗೆ ಸೀಳಿ ಹೊಚ್ಚಹೊಸ ಹಿತ್ತಾಳೆಯ ಚಿಲಕವೊಂದು ಸ್ಕ್ರೂ ಸಮೇತ ಕಿತ್ತು ಒಳಗೆ ಹಾರಿಬಿತ್ತು. ಅಕ್ಕ ಗೋಡೆಯ ಕಡೆ ಮುಖ ಮಾಡಿ, ಎಡಗೈಯನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದಳು. ಮೈ ತಣ್ಣಗಾಗಿತ್ತು.

ಸೇರಿದವರಲ್ಲಿ ಒಬ್ಬರು, "ಪಾಪ, ಚಿಲಕ ಹಾಕದೆ ಇದ್ದಿದ್ರೆ ಯಾರಾದ್ರೂ ಹೋಗಿ ಒಂದು ಗುಟುಕು ನೀರಾದ್ರೂ ಕೊಡ್ತಿದ್ರು ಮಾರಾಯ್ರೆ" ಎಂದರು. ಹಾರೆ ನನ್ನ ಕೈಯಲ್ಲೇ ಇತ್ತು. ಅವರ ಪುಣ್ಯ, ನಾನು ಅಕ್ಕನಲ್ಲ. ಹದಿನೈದನೆಯ ವಯಸ್ಸಿನಿಂದ ತೆರೆದ ಬಾಗಿಲಿಗೆ ಮುಖ ಮಾಡಿ ನಿದ್ದೆಗೆಟ್ಟವಳು, ಕೊನೆಗೂ ಚಿಲಕ ಹಾಕಿಕೊಂಡು ಮಲಗಿದ್ದಳು.