ಇಂಗ್ಲೆಂಡಿನ ವಾರ್ತೆಗೆ ನಮ್ಮಪ್ಪ ಹೇಳಿದ ಅರ್ಥ

ನಮ್ಮಪ್ಪ ಮಸ್ಕಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಊರಿನಲ್ಲಿ ಯಾರಿಗೆ ಕೋರ್ಟಿನ ಕಾಗದ ಬಂದರೂ, ತಂತಿ ತಾರು ಬಂದರೂ, ಔಷಧದ ಬಾಟಲಿಯ ಮೇಲಿನ ಚೀಟಿ ಅರ್ಥವಾಗದಿದ್ದರೂ ನಮ್ಮ ಮನೆಯ ಕಟ್ಟೆಗೆ ಬರುತ್ತಿದ್ದರು. ಅಪ್ಪ ಕನ್ನಡಕ ಏರಿಸಿ ಮೊದಲು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುತ್ತಿದ್ದ. ಆಮೇಲೆ ಕನ್ನಡದಲ್ಲಿ ಹೇಳುತ್ತಿದ್ದ. ಇಂಗ್ಲಿಷಿನಲ್ಲಿ ಓದುವ ಅಗತ್ಯವೇನೂ ಇರಲಿಲ್ಲ, ಆದರೆ ಕೇಳುವವರಿಗೆ ಅದೇ ಬೇಕಾಗಿತ್ತು. ಅವನ ವ್ಯಾಕರಣದಲ್ಲಿ ತಪ್ಪು ಹುಡುಕಲು ಇನ್ಸ್‌ಪೆಕ್ಟರರಿಗೂ ಸಾಧ್ಯವಿರಲಿಲ್ಲ. ಆದರೆ ಇಂಗ್ಲಿಷನ್ನು ಮನೆಮಾತಾಗಿ ಆಡುವ ಒಬ್ಬನೇ ಒಬ್ಬ ಮನುಷ್ಯನನ್ನೂ ಅವನು ಕಂಡಿರಲಿಲ್ಲ. ಇದು ನನಗೆ ಆಗ ಹೊಳೆದಿರಲಿಲ್ಲ. ಅವನಿಗೂ ಹೊಳೆದಿರಲಿಕ್ಕಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ದಿನಾ ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋಗಿ ಪಿಯುಸಿ ಓದುತ್ತಿದ್ದೆ. ಸಿಂಧನೂರಿನ ಒಬ್ಬ ರೈಸ್ ಮಿಲ್ ಸಾಹುಕಾರರು ತಮ್ಮ ಮನೆಯ ಮಾಳಿಗೆಯ ಮೇಲೆ ಛತ್ರಿ ಹಾಕಿಸಿದರು. ಡಿಶ್ ಆಂಟೆನಾಕ್ಕೆ ಜನ ಇಟ್ಟ ಹೆಸರು ಅದು. ಕಬ್ಬಿಣದ ಜಾಲರಿಯ ಆ ದೊಡ್ಡ ಬುಟ್ಟಿ ಬಸ್ ಸ್ಟ್ಯಾಂಡಿನಿಂದಲೇ ಕಾಣುತ್ತಿತ್ತು. ಸಾಹುಕಾರರ ಹಿರಿಯರು ನೀರಾವರಿ ಕಾಲುವೆ ಬಂದಾಗ ಆಂಧ್ರದಿಂದ ಬಂದು ನೆಲೆಸಿದವರು. ಅವರ ಕನ್ನಡದಲ್ಲಿ ತೆಲುಗು ಬೆರೆತಿರುತ್ತಿತ್ತು. ಛತ್ರಿಯಲ್ಲಿ ಆಗ ಸಿಗುತ್ತಿದ್ದದ್ದು ನಾಲ್ಕೈದು ಚಾನೆಲ್. ಅದರಲ್ಲಿ ಸಾಹುಕಾರರಿಗೆ ಬಹಳ ಹೆಮ್ಮೆಯದು ಇಂಗ್ಲೆಂಡಿನ ವಾರ್ತೆಯ ಚಾನೆಲ್. ಅದರ ಒಂದು ಅಕ್ಷರವೂ ಅವರಿಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ಅಪ್ಪನಿಗೆ ಹೇಳಿಕಳಿಸಿದರು. ಅವರ ಮಗನಿಗೆ ಅಪ್ಪ ಹಿಂದೆ ಪಾಠ ಹೇಳಿದ್ದ.

"ಮಾಸ್ಟಾರೂ, ಪ್ರತಿ ಐತವಾರ ಬರ್ರಿ. ಊಟ ನಮ್ಮನ್ಯಾಗೇ. ಆ ದೊರಿಗೋಳು ಏನ್ ಮಾತಾಡ್ತಾರ, ನಮಗ ಬಿಡಿಸಿ ಹೇಳ್ರಿ ಅಷ್ಟ."

ಅಪ್ಪ ಆ ಶನಿವಾರ ಬಿಳಿ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡ. ಮಗಳಾದ ನನಗೂ ಬಾ ಎಂದ. "ಖರೇ ಇಂಗ್ಲಿಷ್ ಹೆಂಗಿರ್ತೈತಿ ಕೇಳು. ನಿನ್ನ ಕಾಲೇಜಿನವ್ರು ಮಾತಾಡೋದು ಇಂಗ್ಲಿಷಲ್ಲ."

ಆ ಮೊದಲ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ತಿರುಗುವ ಭೂಗೋಳ ಬಂತು, ಸಂಗೀತ ಬಂತು, ಕೋಟು ಹಾಕಿದ ಹೆಂಗಸು ಮಾತು ಶುರು ಮಾಡಿದಳು. ಸಾಹುಕಾರರು, ಅವರ ಮನೆಯವರು, ಹತ್ತಾರು ನೆರೆಯವರು ಟೀವಿಯನ್ನು ಬಿಟ್ಟು ಅಪ್ಪನ ಮುಖ ನೋಡತೊಡಗಿದರು. ಅಪ್ಪನ ತುಟಿ ಸ್ವಲ್ಪ ಅಲುಗಾಡಿ ನಿಂತುಬಿಟ್ಟಿತು. ಅವಳ ಮಾತು ಎಲ್ಲೂ ಕಡಿಯದೆ ಓಡುತ್ತಿತ್ತು. ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬುದೇ ಗೊತ್ತಾಗುತ್ತಿರಲಿಲ್ಲ. ತೆರೆಯ ಮೇಲೆ ನೀರು ಕಂಡಿತು, ದೋಣಿ ಕಂಡಿತು. ಅಪ್ಪ ಗಂಟಲು ಸರಿಮಾಡಿಕೊಂಡು, "ಪ್ರವಾಹ ಬಂದೈತಿ. ಜನಾನ್ನ ದೋಣ್ಯಾಗ ಸಾಗಸಾಕತ್ತಾರ. ರಾಣಿಯವರು ಭಾಳ ನೊಂದ್ಕೊಂಡಾರ" ಎಂದ. ಎಲ್ಲರೂ ತಲೆಯಾಡಿಸಿದರು. ರಾಣಿಯ ಹೆಸರು ಮಾತ್ರ ಆ ಸುದ್ದಿಯಲ್ಲಿ ನನಗೆ ಕೇಳಿಸಿರಲಿಲ್ಲ.

ಎರಡು ಮೂರು ವಾರಗಳಲ್ಲಿ ಅಪ್ಪ ಅದರಲ್ಲಿ ಪಳಗಿಬಿಟ್ಟ. ಶನಿವಾರ ಪೇಪರನ್ನು ಮೂಲೆಮೂಲೆ ಓದಿಕೊಂಡು ಹೋಗುತ್ತಿದ್ದ. ಚಿತ್ರ ನೋಡಿ, ಪೇಪರಿನ ಸುದ್ದಿ ಜೋಡಿಸಿ, ನಡುವೆ ತನ್ನದೊಂದಿಷ್ಟು ಸೇರಿಸಿ ಹೇಳುತ್ತಿದ್ದ. ಒಂದೊಂದು ಸಲ ಅದು ಸರಿಯೂ ಆಗಿರುತ್ತಿತ್ತು. ನನಗೆ ಮಾತ್ರ ದಿನದಿನಕ್ಕೆ ನಿಜವಾದ ವಾರ್ತೆ ಕೇಳಿಸತೊಡಗಿತು. ಸಂಜೆ ಅವ್ವ ರೊಟ್ಟಿ ಬಡಿಯುವಾಗ ನಾನು ಒಲೆಯ ಮುಂದೆ ಕೂತು ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಹಚ್ಚುತ್ತಿದ್ದೆ. ಎರಡು ವರ್ಷದಿಂದ ಹಾಗೆ ಕೇಳಿ ಕೇಳಿ ಕಿವಿ ಹದವಾಗಿತ್ತು. ಅಪ್ಪ ರೇಡಿಯೋದ ಹತ್ತಿರ ಬರುತ್ತಿರಲಿಲ್ಲ. ಇಂಗ್ಲಿಷ್ ಎಂದರೆ ಓದುವುದು, ಬರೆಯುವುದು ಎಂದು ಅವನ ನಂಬಿಕೆ. ಅವನು ಕಟ್ಟಿ ಹೇಳುತ್ತಿದ್ದಾನೆ ಎಂದು ನನಗೆ ಗೊತ್ತಾದ ದಿನ ಮೊದಲು ನಗು ಬಂತು. ಬಸ್ಸಿನಲ್ಲಿ ಮಸ್ಕಿಗೆ ಬರುವಷ್ಟರಲ್ಲಿ ನಗು ಹೋಗಿ ನಾಚಿಕೆ ಬಂತು. ಆದರೂ ಬಾಯಿ ಬಿಡಲಿಲ್ಲ. ಬಿಳಿ ಅಂಗಿ ಹಾಕಿ ಆ ಮನೆಯ ಕುರ್ಚಿಯಲ್ಲಿ ಕೂತಾಗ ಅಪ್ಪನ ಮುಖದಲ್ಲಿ ಬರುವ ಕಳೆ ನಮ್ಮ ಮನೆಯಲ್ಲಿ ಎಂದೂ ಇರುತ್ತಿರಲಿಲ್ಲ.

ಮಿಲ್ಲಿನ ಕಣದಲ್ಲಿ ಭತ್ತ ಹರಡಿ ಒಣಗಿಸುವ ಕೆಲಸಕ್ಕೆ ಹತ್ತಿರದ ಸಾಲಗುಂದದಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಐವತ್ತರ ಆಚೀಚೆ ವಯಸ್ಸು, ಗಂಡ ಇರಲಿಲ್ಲ. ಅವಳ ಮಗ ಅದೇ ಮಿಲ್ಲಿನ ಲಾರಿಯಲ್ಲಿ ಡ್ರೈವಿಂಗ್ ಕಲಿತು ಅರಬ್ ದೇಶಕ್ಕೆ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಸೊಸೆ, ಲಗ್ನದ ವಯಸ್ಸಿಗೆ ಬಂದ ಒಬ್ಬ ಮಗಳು. ಭಾನುವಾರ ನಾವು ಹೋದಾಗಲೆಲ್ಲ ಅವಳು ಕೈಕಾಲು ತೊಳೆದು ಬಂದು ಪಡಸಾಲೆಯ ಹೊಸ್ತಿಲ ಹೊರಗೆ ಕೂರುತ್ತಿದ್ದಳು. ಮಗನ ಕಾಗದಗಳನ್ನು ನಾನೇ ಓದಿ ಹೇಳಿ, ಅವಳು ಹೇಳಿದ್ದನ್ನು ಬರೆದು, ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ವಿಳಾಸ ಬರೆಯುತ್ತಿದ್ದೆ. ಒಂದು ಕಾಗದದಲ್ಲಿ ಅವನು, ನಾವಿರುವ ಕಟ್ಟಡದ ಊಟದ ಹಾಲಿನಲ್ಲೂ ಒಂದು ಟೀವಿ ಇದೆ, ಅದರಲ್ಲೂ ಯಾವಾಗಲೂ ಇಂಗ್ಲೆಂಡಿನ ಚಾನೆಲ್ಲೇ ಇರುತ್ತದೆ, ಭೂಮಿ ಗಿರಗಿರ ತಿರುಗುತ್ತದೆ, ನಮಗಾರಿಗೂ ತಿಳಿಯುವುದಿಲ್ಲ ಎಂದು ಬರೆದಿದ್ದ.

ಅವಳಿಗೆ ಅಷ್ಟು ಸಾಕಾಯಿತು. "ಹೌದೇನವ್ವಾ? ನನ್ನ ಮಗಾನೂ ಇದನ್ನ ನೋಡಾಕತ್ತಿರ್ತಾನ?" ಎಂದು ಎರಡೆರಡು ಸಲ ಕೇಳಿದಳು. ಅಲ್ಲಿಂದ ಮುಂದೆ ಭೂಗೋಳ ಬಂದ ಕೂಡಲೇ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದಳು, ಆ ಕಡೆಯಿಂದ ಯಾರೋ ನೋಡುತ್ತಿದ್ದಾರೆ ಎಂಬಂತೆ.

ಬೇಸಿಗೆಯ ಒಂದು ಭಾನುವಾರ. ಊಟ ಮುಗಿದಿತ್ತು. ವಾರ್ತೆಯ ನಡುವೆ ಒಂದು ಕಟ್ಟಡ ಉರಿಯುವುದನ್ನು ತೋರಿಸಿದರು. ಕಿಟಕಿಗಳಿಂದ ಕಪ್ಪು ಹೊಗೆ. ಕೆಳಗೆ ಬೆಂಕಿ ಆರಿಸುವವರು, ಬಿಳಿ ನಿಲುವಂಗಿಯ ಪೊಲೀಸರೋ ಅಧಿಕಾರಿಗಳೋ. ವಾರ್ತೆ ಓದುವವಳು ಊರಿನ ಹೆಸರು ಹೇಳಿದಳು. ಆಮೇಲೆ ಆ ಊರಿನ ಒಂದು ಭಾಗದ ಹೆಸರು ಹೇಳಿದಳು. ಅದು ನಾನು ಎಷ್ಟೋ ಲಕೋಟೆಗಳ ಮೇಲೆ ಬರೆದ ಹೆಸರು. ಭಾರತದ ಕೂಲಿಗಳು, ಹೊರಗಿನಿಂದ ಬೀಗ, ಮೇಲಿನ ಅಂತಸ್ತಿನವರಲ್ಲಿ ಯಾರೂ ಉಳಿದಿಲ್ಲ. ಇಷ್ಟೂ ನನಗೆ ಸ್ಪಷ್ಟವಾಗಿ ಕೇಳಿಸಿತು. ಅವನಿದ್ದದ್ದು ಮೇಲಿನ ಅಂತಸ್ತು. ಕಾಗದದಲ್ಲಿ ಅದನ್ನೂ ಬರೆದಿದ್ದ, ಅಲ್ಲಿಂದ ಸಮುದ್ರ ಕಾಣುತ್ತದೆ ಎಂದು.

ಹೊಸ್ತಿಲ ಹೊರಗಿನಿಂದ ಅವಳು ಎದ್ದು ನಿಂತಳು. "ಮಾಸ್ತರ, ಬೆಂಕಿ ಬಿದ್ದಂಗ ಕಾಣ್ತೈತಿ. ಯಾವೂರ್ರೀ ಅದು?"

"ಅದು ಲಂಡನ್ ಹತ್ರ ಒಂದು ಕಾರ್ಖಾನಿ" ಎಂದ ಅಪ್ಪ.

"ಅರಬರಂಗ ಬಟ್ಟಿ ಹಾಕ್ಕೊಂಡವ್ರು ಅದಾರಲ್ರೀ?"

ಅಪ್ಪ ಮತ್ತೆ ತೆರೆಯನ್ನು ನೋಡಿದ. ಅಷ್ಟರಲ್ಲಿ ಅಲ್ಲಿ ಬೇರೆ ಸುದ್ದಿ ಬಂದಿತ್ತು. "ಹೌದು, ಅಲ್ಲೇ ಎಲ್ಲೋ ಅರಬಸ್ತಾನದಾಗ. ಯಾರಿಗೂ ಏನೂ ಆಗಿಲ್ಲಂತ. ಎಲ್ಲಾರನ್ನೂ ಹೊರಗ ತಂದಾರ. ನೀ ಅಂಜಬ್ಯಾಡ, ಕೂಡು."

ಅವಳು ಕೂಡಲಿಲ್ಲ. ನನ್ನ ಕಡೆ ತಿರುಗಿದಳು. "ನೀ ಏನಂತಿ ತಾಯೀ? ಟೀವ್ಯಾಗ ಹಂಗ ಅಂದ್ರೇನು?"

ಇಡೀ ಪಡಸಾಲೆ ನನ್ನನ್ನು ನೋಡುತ್ತಿತ್ತು. ಸಾಹುಕಾರರು ಎಲೆ ಅಡಿಕೆ ಮಡಿಸುವ ಕೈ ನಿಲ್ಲಿಸಿದ್ದರು. ಅಪ್ಪನೂ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಇದ್ದದ್ದು ಸಿಟ್ಟಲ್ಲ, ಅಂಜಿಕೆ. ನನ್ನ ಅಪ್ಪ ನನಗೆ ಅಂಜಿದ್ದನ್ನು ಅದೇ ಮೊದಲ ಸಲ ಕಂಡೆ.

"ಹೌದ್ರೀ" ಎಂದೆ. "ಹಂಗ ಅಂದ್ರು."

ಅವಳು ಎರಡೂ ಕೈ ಎತ್ತಿ ಟೀವಿಗೇ ಮುಗಿದಳು.

ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತು, ಬೆಳಿಗ್ಗೆ ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ. ಆ ಕಟ್ಟಡ ಬೇರೆ ಇರಬಹುದು ಎಂದೂ ಅಂದುಕೊಂಡೆ. ಲಿಂಗಸುಗೂರಿನ ಕಾಲೇಜಿನಲ್ಲಿ ಪೇಪರು ಬಿಡಿಸಿದರೆ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ. ಅದರಲ್ಲಿ ಹೆಸರುಗಳಿರಲಿಲ್ಲ. ಹೆಸರು ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹೇಡಿಗಳಿಗೆ ಇಂಥ ಸಮಾಧಾನಗಳು ಎಲ್ಲಿಂದಲೋ ಸಿಗುತ್ತವೆ.

ಒಂಬತ್ತು ದಿನದ ಮೇಲೆ ಮಿಲ್ಲಿನ ವಿಳಾಸಕ್ಕೆ ತಾರು ಬಂತು. ಆ ಒಂಬತ್ತು ದಿನಗಳಲ್ಲಿ ಅವಳು ಹರಕೆ ಒಪ್ಪಿಸಿದ್ದಳು, ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದ್ದಳು. ಮಗ ದೊಡ್ಡ ಗಂಡಾಂತರದಿಂದ ಪಾರಾದ ಎಂದು, ತಡೆದಿಟ್ಟಿದ್ದ ಮಗಳ ನಿಶ್ಚಯವನ್ನೂ ಮಾಡಿ ಮುಗಿಸಿದ್ದಳು. ಗಂಡಿನವರು ದಢೇಸುಗೂರಿನ ಕಡೆಯವರು. ಬಂದು ಸೀರೆ ಕುಪ್ಪಸ ಇಟ್ಟು, ಉಂಡು ಹೋಗಿದ್ದರು.

ತಾರು ಬಂದ ಮರುದಿನ ಬೆಳಿಗ್ಗೆ ಅವಳು ಮೊದಲ ಬಸ್ಸಿಗೆ ಮಸ್ಕಿಗೆ ಬಂದಳು. ಅಪ್ಪ ಸ್ಕೂಲಿಗೆ ಹೊರಟು ಕಟ್ಟೆಯ ಮೇಲೆ ಚಪ್ಪಲಿ ಮೆಟ್ಟುತ್ತಿದ್ದ. ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡೆ. ಅವಳು ಅಂಗಳದಲ್ಲೇ ನಿಂತು ಮೆಲ್ಲನೆ ಮಾತಾಡಿದಳು.

"ನನ್ನ ಮಗ ಸುಟ್ಟು ಬೂದಿ ಆಗಿದ್ನ್ರೀ ಮಾಸ್ತರ. ನೀವು ಹೇಳಿದ್ದಕ್ಕ ನಾ ಒಂಬತ್ತು ದಿನ ಹೊಟ್ಟಿ ತುಂಬ ಉಂಡೀನಿ. ಸೊಸಿಗೆ ಹೂವ ಮುಡಿಸೀನಿ."

"ಟೀವ್ಯಾಗ ಹಂಗ ಅಂದ್ರವ್ವಾ" ಎಂದ ಅಪ್ಪ. "ಅವ್ರು ಹೇಳಿದ್ದನ್ನ ನಾ ಹೇಳೀನಿ."

ಅವಳು ನನ್ನನ್ನು ನೋಡಿದಳು. ಅವ್ವ ಒಳಗಿನಿಂದ ನೀರು ತಂದು ಕೊಟ್ಟರೆ ಚೊಂಬನ್ನು ಮುಟ್ಟದೆ ತಿರುಗಿ ಹೋದಳು.

ಹೆಣವೂ ಬರಲಿಲ್ಲ. ಆ ಲಗ್ನವೂ ಆಗಲಿಲ್ಲ. ಮಗ ಸತ್ತದ್ದನ್ನು ಮುಚ್ಚಿಟ್ಟು ಸೂತಕದಲ್ಲಿ ನಿಶ್ಚಯ ಮಾಡಿಸಿದರು, ನಮ್ಮನ್ನು ಕುಲಗೆಡಿಸಿದರು ಎಂದು ಗಂಡಿನವರು ಹೇಳಿಕಳಿಸಿದರು. ಟೀವಿಯ ಮಾತನ್ನು ಅವಳು ಯಾರಿಗೆ ಹೇಳಿದರೂ ನಂಬುವವರಿರಲಿಲ್ಲ. ಸಾಹುಕಾರರು ಅಪ್ಪನನ್ನು ಮತ್ತೆ ಕರೆಯಲಿಲ್ಲ. ಅಪ್ಪ ಎರಡು ಭಾನುವಾರ ಬಿಳಿ ಅಂಗಿ ಹಾಕಿಕೊಂಡು ಕಾದ. ಮೂರನೆಯ ವಾರ ಹಾಕಿಕೊಳ್ಳಲಿಲ್ಲ.

ನಾಲ್ಕೈದು ವರ್ಷಗಳ ನಂತರ ಮಸ್ಕಿಗೂ ಕೇಬಲ್ ಬಂತು. ನಮ್ಮ ಮನೆಯಲ್ಲೂ ಆ ಇಂಗ್ಲೆಂಡಿನ ಚಾನೆಲ್ ಕಾಣತೊಡಗಿತು. ಅಪ್ಪ ಅಷ್ಟರಲ್ಲಿ ನಿವೃತ್ತಿಯ ಹತ್ತಿರ ಬಂದಿದ್ದ. ದಿನಾ ಸ್ಕೂಲಿನಿಂದ ಬಂದು ಟೀವಿಯ ಮುಂದೆ ಚಾಪೆ ಹಾಸಿ, ಮಕ್ಕಳ ಹಾಗೆ ಕಾಪಿ ಪುಸ್ತಕ ಹಿಡಿದು ಕೂರುತ್ತಿದ್ದ. ಕೇಳಿಸಿದ ಪದ ಬರೆದು, ಮುಂದೆ ಅರ್ಥ ಬರೆಯುತ್ತಿದ್ದ. ಬಹಳಷ್ಟು ಕಡೆ ಬರೀ ಪ್ರಶ್ನೆಯ ಚಿಹ್ನೆ. ನಾನು ಆಗ ಲಿಂಗಸುಗೂರಿನಲ್ಲಿ ಪಾಠ ಹೇಳುತ್ತಿದ್ದೆ, ಅದೂ ಇಂಗ್ಲಿಷನ್ನೇ. ಒಂದು ಸಂಜೆ ಅವನು ಆ ಪುಸ್ತಕದಿಂದ ತಲೆ ಎತ್ತದೆ, "ಅವತ್ತ ಟೀವ್ಯಾಗ ಆಕಿ ಹೇಳಿದ್ದು ಯಾರಿಗೂ ತಿಳಿಯುವಂಗ ಇರಲಿಲ್ಲ ಬಿಡು" ಎಂದ. ನಾನು ಕೇಳದೆಯೇ. ಯಾವ ದಿನದ ಮಾತು ಎಂದು ಹೇಳಬೇಕಾಗಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. "ನನಗ ತಿಳಿದಿತ್ತು" ಎಂದೆ. "ಪೂರಾ ತಿಳಿದಿತ್ತು. ಊರ ಹೆಸರು, ಕಟ್ಟಡ, ಎಲ್ಲಾ."

ಅಪ್ಪ ಪೆನ್ನಿನ ಮುಚ್ಚಳ ಹಾಕಿದ. "ಮತ್ತ ಯಾಕ ಹೌದು ಅಂದಿ?"

"ನಿನ್ನ ಮರ್ಯಾದಿ ಹೋಗ್ತಿತ್ತು."

"ನನ್ನ ಮರ್ಯಾದಿ ಕಾಯಿ ಅಂತ ನಿನಗ ಯಾರು ಹೇಳಿದ್ರು?" ಅವನ ದನಿ ಏರಲಿಲ್ಲ. "ನನಗ ತಿಳೀಲಿಲ್ಲ. ತಿಳೀದ ಹೇಳಿದೆ. ನೀ ತಿಳದು ಹೇಳಿದಿ. ನಮ್ಮಿಬ್ಬರೊಳಗ ಯಾರ ತಪ್ಪು ದೊಡ್ಡದು, ನೀನ ಹೇಳು."

ತನಗೆ ಅರ್ಥವಾಗಿರಲಿಲ್ಲವೆಂದು ಅವನು ಒಪ್ಪಿಕೊಂಡದ್ದು ಅದೊಂದೇ ಸಲ. ಒಪ್ಪಿಕೊಂಡದ್ದೂ ತಪ್ಪನ್ನು ನನ್ನ ತಲೆಗೆ ಕಟ್ಟುವುದಕ್ಕಾಗಿ. ಅವನ ಮಾತು ಸರಿಯಾಗಿತ್ತು, ಅದೇ ನನಗೆ ಉರಿದದ್ದು. ಅಂದಿನಿಂದ ನಾವಿಬ್ಬರೂ ಬೇಕಾದಷ್ಟೇ ಮಾತಾಡಿಕೊಂಡು ಇದ್ದೆವು.

ಮುಂದಿನ ವಾರ ನಾನು ಸಾಲಗುಂದಕ್ಕೆ ಹೋದೆ. ಅವಳ ಮನೆ ರಸ್ತೆಗೇ ಇತ್ತು. ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಬಹಳ ಇಳಿದಿದ್ದಳು. ಸೊಸೆ ತವರಿಗೆ ಹೋದವಳು ಬಂದಿರಲಿಲ್ಲವಂತೆ. ಮಗಳನ್ನು ಮುದಗಲ್ಲಿಗೆ, ಎರಡನೆಯ ಸಂಬಂಧದವನಿಗೆ ಕೊಟ್ಟಿದ್ದಳಂತೆ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅಪ್ಪನಿಗೆ ತಿಳಿದಿರಲಿಲ್ಲ, ನನಗೆ ತಿಳಿದಿತ್ತು, ಸುಳ್ಳು ಹೇಳಿದೆ ಎಂದೆ. ಅವಳ ಕೈ ನಿಲ್ಲಲಿಲ್ಲ.

"ಇದನ್ನ ಈಗ ಯಾಕ ಹೇಳಾಕ ಬಂದಿ?" ಎಂದಳು.

ಮೊರದಿಂದ ಒಂದು ಕಲ್ಲು ಆರಿಸಿ ಎಸೆದಳು.

"ನಿನಗ ಹಗುರ ಆಗಬೇಕಾಗೈತಿ. ನನಗ ಏನ್ ಆಗಬೇಕವ್ವಾ ಇದರಿಂದ? ಹೋಗು."

ಸಿಂಧನೂರಿನ ಬಸ್ಸು ಬರಲು ಒಂದು ತಾಸು ಹಿಡಿಯಿತು. ಅಲ್ಲಿ ಮರವೂ ಇರಲಿಲ್ಲ, ಅಂಗಡಿಯೂ ಇರಲಿಲ್ಲ. ಅವಳ ಅಂಗಳಕ್ಕೆ ಕಾಣುವಂತೆಯೇ ರಸ್ತೆಯ ಬದಿ ಬಿಸಿಲಲ್ಲಿ ನಿಂತಿದ್ದೆ. ಅವಳು ತೊಗರಿ ಹಸನು ಮಾಡಿ ಮುಗಿಸಿ, ಹೊಟ್ಟನ್ನು ಆಡಿನ ಮುಂದೆ ಸುರಿದು, ಮೊರ ಕೊಡವಿಕೊಂಡು ಒಳಗೆ ಹೋದಳು. ಒಂದು ಸಲವೂ ಈ ಕಡೆ ನೋಡಲಿಲ್ಲ.