ಎಂಟು ವರ್ಷ ನೀರು ಕುಡಿದ ಗುಂಡಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಸಣ್ಣ ಕಂಪನಿಯೊಂದರಲ್ಲಿ ಡ್ರೈವ್ ಕೂರಿಸುವ ಕೆಲಸಕ್ಕಿದ್ದೆ. ಡ್ರೈವ್ ಅಂದರೆ ಕಾರ್ಖಾನೆಯ ಮೋಟಾರಿನ ವೇಗವನ್ನು ಬೇಕಾದಂತೆ ಏರಿಸಿ ಇಳಿಸುವ ಪೆಟ್ಟಿಗೆ. ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿ, ಸರಿಯಿಲ್ಲದ ಕಡೆ ಅದು ಮುನಿಸಿಕೊಂಡು ಹೊಗೆ ಬಿಡುತ್ತದೆ. ಕುಣಿಗಲ್ಲಿನ ಅಕ್ಕಿ ಗಿರಣಿಯೊಂದರಲ್ಲಿ, ಎಲ್ಲ ಸರಿಯಾಗಿದೆ ಎಂಬ ಮಾತು ನಂಬಿ ಒಂದನ್ನು ಸುಟ್ಟು ಬಂದಿದ್ದೆ. ಇನ್ನೊಂದು ಸುಟ್ಟರೆ ಆಫೀಸಿನ ಕಡೆ ತಲೆ ಹಾಕಬೇಡ ಎಂದಿದ್ದರು ನಮ್ಮ ಯಜಮಾನರು. ಅಂದಿನಿಂದ ನಾನು ಅರ್ಥಿಂಗ್ ವಿಷಯದಲ್ಲಿ ಹೆತ್ತ ತಾಯಿಯನ್ನೂ ನಂಬುತ್ತಿರಲಿಲ್ಲ.

ಆಮೇಲೆ ಹೋದದ್ದು ಗುಬ್ಬಿ ಹತ್ತಿರದ ತೆಂಗಿನ ನಾರಿನ ಮಿಲ್ಲಿಗೆ. ಮೊದಲು ಅರ್ಥಿಂಗ್ ನೋಡಬೇಕು ಎಂದೊಡನೆ ಮಾಲೀಕ ಮುಖ ಗಂಟು ಹಾಕಿಕೊಂಡ. ಮಿಲ್ಲಿನ ಹಿಂದೆಯೇ ಅವನ ಮನೆ, ಅಂಗಳದಲ್ಲಿ ಅರ್ಥಿಂಗ್ ಗುಂಡಿ. ಎಂಟು ವರ್ಷದ ಹಿಂದೆ ಅದಕ್ಕೆ ಇದ್ದಿಲು, ಉಪ್ಪು ತುಂಬಿದ ಎಲೆಕ್ಟ್ರಿಷಿಯನ್, ಒಣಗಬಾರದು, ದಿನಾ ನೀರು ಹಾಕಿ ಎಂದು ಹೇಳಿ ಹೋಗಿದ್ದನಂತೆ. ಮಾಲೀಕನ ತಾಯಿ ಒಂದು ದಿನವೂ ತಪ್ಪಿಸಿರಲಿಲ್ಲ. ಮುಚ್ಚಳದ ಮೇಲೆ ಅರಿಸಿನ, ಕುಂಕುಮ, ಒಂದು ದಾಸವಾಳ ಬೇರೆ.

"ನಮ್ಮವ್ವ ನೆಂಟರ ಮನೆಗ್ ಹೋದ್ರೂ ಪಕ್ಕದ್ಮನೆಯೋರಿಗೆ ನೀರ್ ಹಾಕಕ್ ಹೇಳ್ಬುಟ್ಟೇ ಹೋಗದು. ಅದ್ನೇನ್ ಟೆಸ್ಟ್ ಮಾಡ್ತೀರಿ?" ಎಂದ ಮಾಲೀಕ.

ಗುಂಡಿಗೆ ಮೀಟರ್ ಹಚ್ಚಿದೆ. ಅಂಥ ಒಳ್ಳೆಯ ರೀಡಿಂಗ್ ನಾನು ಎಲ್ಲೂ ನೋಡಿರಲಿಲ್ಲ. ಮಾಲೀಕ ಎಲೆಕ್ಷನ್ ಗೆದ್ದವನಂತೆ ನನ್ನನ್ನು ನೋಡಿದ. ಆದರೂ ನನ್ನ ಹಾಳು ಅನುಮಾನ ಬಿಡಬೇಕಲ್ಲ, ಗುಂಡಿಗೂ ಮೋಟಾರಿನ ಮೈಗೂ ಸಂಪರ್ಕವಿದೆಯೇ ಎಂದು ಪರೀಕ್ಷಿಸಿದೆ. ಇರಲಿಲ್ಲ.

ಮೋಟಾರಿನಿಂದ ಹೊರಟ ಅರ್ಥಿಂಗ್ ತಂತಿಯ ಜಾಡು ಹಿಡಿದು ಹೊರಟೆ. ಅದು ಗೋಡೆ ತೂರಿ, ಗುಂಡಿಯ ತಂಟೆಗೇ ಹೋಗದೆ, ಅಂಗಳದ ಮೇಲೆ ಹಾದು ತೆಂಗಿನ ಮರಕ್ಕೆ ಬಿಗಿದಿತ್ತು. ಅದರ ಮೇಲೆ ಮಾಲೀಕನ ಎರಡು ಪಂಚೆ, ಒಂದು ಬನಿಯನ್ನು ಒಣಗುತ್ತಿದ್ದವು. ಅಂಗಳಕ್ಕೆ ಸಿಮೆಂಟ್ ಹಾಕಿಸುವಾಗ ಅಡ್ಡ ಬಂತೆಂದು ತಂತಿಯನ್ನು ಅವನೇ ಕತ್ತರಿಸಿದ್ದ. ಅವ್ವ ಬಟ್ಟೆ ಹರವಲು ತಂತಿ ಬೇಕೆಂದಾಗ ಅದನ್ನೇ ಎಳೆದು ಕಟ್ಟಿದ್ದ.

ನನಗೆ ಡ್ರೈವೂ ಮರೆತುಹೋಯಿತು, ಕೆಲಸವೂ ಮರೆತುಹೋಯಿತು. ಓಡಿ ಹೋಗಿ ಮೇನ್ ಸ್ವಿಚ್ ಇಳಿಸಿದೆ. ಮೋಟಾರಿನ ಮೈಗೆ ಒಂದು ದಿನ ಕರೆಂಟ್ ಇಳಿದಿದ್ದರೂ ಆಯಮ್ಮ ಒದ್ದೆ ಪಂಚೆ ಕೈಯಲ್ಲಿ ಹಿಡಿದೇ ಹೋಗಿಬಿಡುತ್ತಿದ್ದರು ಎಂದು ರೇಗಿಯೇ ಹೇಳಿದೆ.

ಬಾಗಿಲಲ್ಲಿ ನಿಂತಿದ್ದ ತಾಯಿ ಕೇಳಿಸಿಕೊಂಡರು. "ಒಂದೊಂದ್ ಕಿತ ಕೈ ಜುಮ್ಮಂತಿತ್ತು ಕಣಪ್ಪ. ವಯಸ್ಸಾಯ್ತಲ್ಲ, ಅದ್ಕೇ ಏನೋ ಅಂದ್ಕೊಂಡಿದ್ದೆ."

ಮಾಲೀಕ ತನ್ನ ಪಂಚೆ, ಬನಿಯನ್ನು ತಾನೇ ತೆಗೆದು ಹೆಗಲಿಗೆ ಹಾಕಿಕೊಂಡ. ಹೊಸ ತಂತಿ ತರಿಸಿ, ಮೋಟಾರಿನಿಂದ ಗುಂಡಿಯವರೆಗೆ ಎಳೆದು, ಮತ್ತೆ ಮತ್ತೆ ಪರೀಕ್ಷಿಸಿ ಹೊರಟೆ.

ಮರುದಿನ ಬೆಳಿಗ್ಗೆ ಡ್ರೈವ್ ಹೊತ್ತುಕೊಂಡು ಹೋದಾಗ ಗುಂಡಿಗೆ ನೀರು ಹಾಕುತ್ತಿದ್ದವನು ಮಾಲೀಕನೇ. ತಾಯಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು.

"ದಾಸವಾಳ ಮಡಗದ್ ಮರೀಬ್ಯಾಡ ಕಣ್ಲಾ" ಎಂದರು.